ಮೊದಲು ಉದಾಹರಣೆ, ಆಮೇಲೆ ವಿವರಣೆ

ಕೇಳುಗರಿಗೆ ನಮಸ್ಕಾರ. ತಂತ್ರಾಂಶ ಬರೆಯುವ ಕಿರಿಯ ಮಿತ್ರರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೊತ್ತು ಮಾತನಾಡುತ್ತಿದ್ದೇನೆ. ಕಂಪ್ಯೂಟರಿಗೆ ಅಕ್ಷರಗಳಲ್ಲೇ ಆಜ್ಞೆ ಕೊಡುವ ಟರ್ಮಿನಲ್‌ನಲ್ಲಿ ಒಂದು ಕಮಾಂಡಿನ ಹೆಸರು ಬರೆದು, ಮುಂದೆ ಎರಡು ಅಡ್ಡಗೆರೆ ಹಾಕಿ ಹೆಲ್ಪ್ ಎಂದು ಟೈಪ್ ಮಾಡಿದಾಗ ಪರದೆಯ ಮೇಲೆ ಮೂಡುವ ಸಾಲುಗಳು ಹೇಗಿರಬೇಕು ಎಂಬುದೇ ಇಂದಿನ ವಿಷಯ. ನನ್ನ ಮಾತು ಒಂದೇ: ಮೊದಲು ಉದಾಹರಣೆ ಕೊಡಿ, ಆಮೇಲೆ ವಿವರಿಸಿ.

ಹೆಲ್ಪ್ ಕೇಳುವವರು ಓದಲೆಂದು ಕುಳಿತವರಲ್ಲ. ಕೆಲಸದ ನಡುವೆ ದಾರಿ ಕಾಣದೆ ನಿಂತವರು. ಫೈಲಿನ ಹೆಸರನ್ನಷ್ಟೇ ಬದಲಿಸಿ ಓಡಿಸಬಹುದಾದ ಒಂದು ಸಾಲು ಸಿಕ್ಕರೆ ಅವರಿಗೆ ಸಾಕು. ನಾವು ಕೊಡುವುದು ಅಕ್ಷರಕ್ರಮದಲ್ಲಿ ಜೋಡಿಸಿದ ಆಪ್ಷನ್‌ಗಳ, ಅಂದರೆ ಕಮಾಂಡಿನ ವರ್ತನೆಯನ್ನು ಬದಲಿಸುವ ಆಯ್ಕೆಗಳ, ಪಟ್ಟಿ. 1971ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಸಿದ್ಧಪಡಿಸಿದ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಕೈಪಿಡಿಯ ಕಾಲದಿಂದಲೂ ಕಮಾಂಡಿನ ಹೆಸರು, ಬಳಸುವ ರೀತಿ, ವಿವರಣೆ ಎಂಬ ಕ್ರಮ ನಡೆದುಬಂದಿದೆ. ಕೈಪಿಡಿಗೆ ಅದು ಒಪ್ಪುತ್ತದೆ, ಅವಸರದಲ್ಲಿರುವವರಿಗೆ ಒಪ್ಪುವುದಿಲ್ಲ.

ಒಂದು ಪ್ರಸಂಗ ಹೇಳುತ್ತೇನೆ. ಫೋಲ್ಡರುಗಳನ್ನು ನಕಲು ಮಾಡುವ ಆರ್‌ಸಿಂಕ್ ಎಂಬ ಬಹಳ ಒಳ್ಳೆಯ ಸಾಧನವಿದೆ. ನಮ್ಮ ಕಿರಿಯ ಸಹೋದ್ಯೋಗಿಯೊಬ್ಬರು ‘ಚಿತ್ರಗಳು’ ಎಂಬ ಫೋಲ್ಡರಿನಲ್ಲಿದ್ದ ಫೈಲುಗಳನ್ನು ‘ಸಂಗ್ರಹ’ ಎಂಬ ಫೋಲ್ಡರಿಗೆ ಸೇರಿಸಬೇಕಿತ್ತು. ಕಮಾಂಡ್ ಕೊಟ್ಟು ನೋಡಿದರೆ, ಸಂಗ್ರಹದ ಒಳಗೆ ‘ಚಿತ್ರಗಳು’ ಎಂಬ ಫೋಲ್ಡರೇ ಇಡಿಯಾಗಿ ಹೋಗಿ ಕುಳಿತಿತ್ತು. ಅವರು ಆಪ್ಷನ್‌ಗಳ ಉದ್ದನೆಯ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಶ್ರದ್ಧೆಯಿಂದ ಓದಿ, ಒಂದೊಂದನ್ನೇ ಸೇರಿಸಿ, ತೆಗೆದು ಪ್ರಯತ್ನಿಸಿದರು. ಉತ್ತರ ಯಾವ ಆಪ್ಷನ್ನಿನಲ್ಲಿಯೂ ಇರಲಿಲ್ಲ; ಅದು ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಹಾಕುವ ಒಂದು ಓರೆಗೆರೆಯಲ್ಲಿತ್ತು. ಓರೆಗೆರೆ ಇದ್ದರೆ ಒಳಗಿರುವುದು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೂ ಜೊತೆಗೆ ಹೋಗುತ್ತದೆ. ಓರೆಗೆರೆ ಇರುವ ಮತ್ತು ಇಲ್ಲದ ಎರಡು ಸಾಲುಗಳನ್ನು ಕಾಗದದ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಿದೆ. ಅವರು ಒಮ್ಮೆ ನೋಡಿದರು, ಸರಿಯಾದ ಕಮಾಂಡನ್ನು ತಾವೇ ಬರೆದರು. ಆ ಸಾಧನದ ಪೂರ್ಣ ಕೈಪಿಡಿಯಲ್ಲಿ ಇಂಥದೇ ಜೋಡಿ ಉದಾಹರಣೆ ಇದೆ. ಆದರೆ ತೊಡಕಿನಲ್ಲಿರುವವರು ಅಷ್ಟು ದೂರ ಹೋಗುವುದಿಲ್ಲ. ಇಷ್ಟು ಸರಳವಾದುದನ್ನು ಮತ್ತೆ ಮತ್ತೆ ಹೇಳಬೇಕಾಗಿದೆಯಲ್ಲ ಎಂದು ನನಗೆ ಬೇಸರವಾಗುತ್ತದೆ: ಉದಾಹರಣೆ ಮೊದಲು ಬರಲಿ!

ಸಮಯ ಕಡಿಮೆಯಿದೆ, ಉಳಿದುದನ್ನು ಬೇಗ ಹೇಳುತ್ತೇನೆ. ಬಳಸುವ ರೀತಿಯನ್ನು ತೋರಿಸುವ ಸಾಲಿನಲ್ಲಿ ಚೌಕ ಆವರಣದಲ್ಲಿರುವುದು ಐಚ್ಛಿಕ, ಮೂರು ಚುಕ್ಕಿಯೆಂದರೆ ಮತ್ತೆ ಮತ್ತೆ ಕೊಡಬಹುದು ಎಂಬುದು ಹೊಸಬರಿಗೆ ಗೊತ್ತಿರುವುದಿಲ್ಲ. ಉದಾಹರಣೆ ಅದನ್ನೂ ಕಲಿಸುತ್ತದೆ. ಫೋರ್ಸ್ ಎಂಬ ಆಪ್ಷನ್ನಿನ ಎದುರು ‘ಫೋರ್ಸ್ ಮಾಡುತ್ತದೆ’ ಎಂದು ಬರೆಯಬೇಡಿ. ‘ಇರುವ ಫೈಲನ್ನು ಕೇಳದೆಯೇ ಅಳಿಸಿ ಬರೆಯುತ್ತದೆ’ ಎಂದು ಪರಿಣಾಮವನ್ನು ಹೇಳಿ. ಕಮಾಂಡಿನ ಕಾಗುಣಿತ ತಪ್ಪಿದಾಗ ಇಡೀ ಹೆಲ್ಪ್ ಪಠ್ಯವನ್ನು ಸುರಿಯದೆ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ಸಾಧನ ಮಾಡುವಂತೆ ಹತ್ತಿರದ ಹೆಸರನ್ನು ಸೂಚಿಸಿ. ಬಳಕೆದಾರರು ಕೇಳಿದಾಗ ಬರುವ ಹೆಲ್ಪ್, ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯ ನಿಯಮಾವಳಿ ಹೇಳುವಂತೆ, ಕಮಾಂಡಿನ ಸಾಮಾನ್ಯ ಫಲಿತಾಂಶ ಹೊರಬರುವ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೇ ಹೋಗಲಿ. ಆಗ ಅದನ್ನು ಪಠ್ಯದಲ್ಲಿ ಹುಡುಕುವ ಗ್ರೆಪ್ ಎಂಬ ಕಮಾಂಡಿಗೆ ಪೈಪ್ ಮಾಡಿ, ಅಂದರೆ ನೇರವಾಗಿ ಹಾಯಿಸಿ, ಬೇಕಾದ ಪದವನ್ನು ಹುಡುಕಬಹುದು. ಪ್ರತಿ ಬಿಡುಗಡೆಗೆ ಮುನ್ನ ಹೆಲ್ಪ್‌ನಲ್ಲಿರುವ ಉದಾಹರಣೆಗಳನ್ನು ಉಳಿದ ಪರೀಕ್ಷೆಗಳ ಜೊತೆಯಲ್ಲೇ ಓಡಿಸಿ ನೋಡಿ. ಓಡದ ಉದಾಹರಣೆಯನ್ನು ಸರಿಪಡಿಸದೆ ಬಿಡುಗಡೆ ಮಾಡಬೇಡಿ. ನಮಸ್ಕಾರ.