ಬೂಟಿನ ಕತೆ ಇನ್ನು ಸಾಕು!

ನಮಸ್ಕಾರ ಸ್ನೇಹಿತರೇ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಆದರೆ ಹೋದ ವಾರದ ವಿಡಿಯೊ ಕೆಳಗೆ ಒಂದು ಕಾಮೆಂಟ್ ಬಂತು. "1950ರ ಫುಟ್‌ಬಾಲ್ ವಿಶ್ವಕಪ್‌ಗೆ ಭಾರತ ಹೋಗಲಿಲ್ಲ, ಯಾಕಂದ್ರೆ ನಮ್ಮವರ ಹತ್ರ ಬೂಟ್ ಇರಲಿಲ್ಲ, ಪಾಪ." ಅದನ್ನು ಓದಿದಾಗಿನಿಂದ ಹೊಟ್ಟೆ ಉರಿಯುತ್ತಿದೆ.

ಬೂಟು ಕಾರಣ ಅಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ.

ನಡೆದದ್ದು ಇಷ್ಟು. ಅರ್ಹತಾ ಸುತ್ತಿನಲ್ಲಿ ನಮ್ಮ ಜೊತೆ ಬರ್ಮಾ, ಇಂಡೊನೇಷ್ಯಾ, ಫಿಲಿಪೀನ್ಸ್ ಇದ್ದವು. ಮೂರೂ ಹಿಂದೆ ಸರಿದವು. ಒಂದೇ ಒಂದು ಪಂದ್ಯ ಆಡದೆ ನಮಗೆ ವಿಶ್ವಕಪ್ ನಡೆಯಲಿದ್ದ ಬ್ರೆಜಿಲ್ ಬಾಗಿಲು ತೆರೆಯಿತು. ಗುಂಪಿನಲ್ಲಿ ಇಟಲಿ, ಸ್ವೀಡನ್, ಪರಾಗ್ವೆ. ಪ್ರಯಾಣದ ಖರ್ಚಿನಲ್ಲಿ ದೊಡ್ಡ ಪಾಲು ನಾವೇ ಕೊಡುತ್ತೇವೆ ಅಂತ ಬ್ರೆಜಿಲ್‌ನವರು ಹೇಳಿದರು. ಆದರೂ ನಮ್ಮ ಫೆಡರೇಷನ್ ಒಲ್ಲೆ ಅಂದಿತು. ತಂಡದ ಆಯ್ಕೆಯಲ್ಲಿ ಒಮ್ಮತ ಇಲ್ಲ, ಅಭ್ಯಾಸಕ್ಕೆ ಸಮಯ ಸಾಲದು, ಇವು ಅವರು ಕೊಟ್ಟ ಕಾರಣ. ಇದರಲ್ಲಿ ಬೂಟು ಎಲ್ಲಿ ಬಂತು?

ಆ ಕಾಲದ ನಾಯಕ ಶೈಲೇನ್ ಮನ್ನಾ ಮುಂದೆ ಎಷ್ಟೋ ವರ್ಷದ ಮೇಲೆ ಬಿಡಿಸಿ ಹೇಳಿದರು. ವಿಶ್ವಕಪ್ ಅಂದರೆ ಏನು ಅಂತಲೇ ಆಗ ನಮಗೆ ಅಂದಾಜಿರಲಿಲ್ಲ, ಒಲಿಂಪಿಕ್ಸೇ ಎಲ್ಲ ಆಗಿತ್ತು ಅಂತ. ಕಾರಣ ಅದು. ಬೂಟಲ್ಲ!

"ಬರಿಗಾಲಲ್ಲಿ ಆಡೋಕೆ ಫಿಫಾ ಬಿಡ್ತಿರಲಿಲ್ಲ" ಅನ್ನುವವರು ಒಂದು ನಿಮಿಷ ನಿಲ್ಲಿ. 1952ರಲ್ಲಿ, ಅಂದರೆ ಎರಡು ವರ್ಷ ಆದ ಮೇಲೆ, ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ನಮ್ಮ ಹುಡುಗರಲ್ಲಿ ಜಾಸ್ತಿ ಜನ ಆಡಿದ್ದು ಯಾವ ಕಾಲಲ್ಲಿ? ಬರಿಗಾಲಲ್ಲಿ! ಯಾರೂ ತಡೆಯಲಿಲ್ಲ. ಆ ಚಳಿಯಲ್ಲಿ ಯುಗೊಸ್ಲಾವಿಯಾ ವಿರುದ್ಧ 10-1ರಿಂದ ಸೋತರು. ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ನಮ್ಮ ಫೆಡರೇಷನ್ ಬೂಟು ಕಡ್ಡಾಯ ಮಾಡಿದ್ದು ಆ ಸೋಲಿನ ನಂತರ.

"ಬ್ರೆಜಿಲ್ ದೂರ, ಹಡಗಿನ ಪ್ರಯಾಣ" ಅಂತ ಇನ್ನೊಬ್ಬರು. ಇಟಲಿಯವರು ಬಂದದ್ದು ಹೇಗೆ ಮತ್ತೆ? ಹಿಂದಿನ ವರ್ಷವಷ್ಟೇ ವಿಮಾನ ಬಿದ್ದು ಅವರದೇ ಟೊರಿನೊ ಕ್ಲಬ್ಬಿನ ಇಡೀ ತಂಡ ಹೋಗಿತ್ತು. ಆ ದುಃಖ ಇಟ್ಟುಕೊಂಡೇ ಹಡಗು ಹತ್ತಿ ಬಂದರು. ಮನಸ್ಸಿದ್ದವರು ಬಂದರು ಅಷ್ಟೇ.

ಇನ್ನೂ ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲವಾ? ಈಗಲೇ ಮಾಡಿ. ಕನ್ನಡದಲ್ಲಿ ಫುಟ್‌ಬಾಲ್ ಬಗ್ಗೆ ಮಾತಾಡುವವರೇ ಕಡಿಮೆ. ನೀವು ಕೈ ಹಿಡಿದರೆ ಮುಂದಿನ ವಾರ ಅಹ್ಮದ್ ಖಾನ್ ಬಗ್ಗೆಯೇ ಪೂರ್ತಿ ವಿಡಿಯೊ.

ಸರಿ, ಎಲ್ಲಿದ್ದೆ? ಆ "ಪಾಪ" ಅನ್ನುವ ಮಾತು. ಅದೇ ನನಗೆ ಚುಚ್ಚುವುದು. 1948ರ ಒಲಿಂಪಿಕ್ಸ್, ಜುಲೈ 31, ಲಂಡನ್ ಹತ್ತಿರದ ಇಲ್ಫರ್ಡ್ ಮೈದಾನ. ಎದುರಿಗೆ ಫ್ರಾನ್ಸ್, ಕಾಲಿಗೆ ಬೂಟು ಬಿಗಿದವರು. ನಮ್ಮವರು ಬಹುತೇಕ ಬರಿಗಾಲು. 70ನೇ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದು 1-1 ಮಾಡಿದರು. ಎರಡು ಪೆನಾಲ್ಟಿ ಕೈತಪ್ಪದಿದ್ದರೆ ಗೆದ್ದೇ ಬಿಡುತ್ತಿದ್ದೆವು. ಸೋತದ್ದು ಕೊನೇ ಗಳಿಗೆಯಲ್ಲಿ, 2-1ರಿಂದ. ಇವರು ಪಾಪದವರಾ? ಬರಿಗಾಲು ಅವರ ಆಟ ಕಣ್ರೀ, ಬಡತನ ಅಲ್ಲ!

ಬೂಟಲ್ಲ, ಬೂಟಲ್ಲ, ಬೂಟಲ್ಲ. ಇನ್ನೆಷ್ಟು ಸಲ ಹೇಳಲಿ? ನಾವು ಹೋಗದೆ 1950ರ ವಿಶ್ವಕಪ್‌ನ ನಮ್ಮ ಗುಂಪಿನಲ್ಲಿ ಮೂರೇ ತಂಡ ಉಳಿದವು. ಅವತ್ತು ಖಾಲಿ ಬಿಟ್ಟ ಆ ಜಾಗಕ್ಕೆ ನಾವು ಇವತ್ತಿಗೂ ವಾಪಸ್ ಹೋಗಿಲ್ಲ. ನನಗೆ ಅದನ್ನು ನೆನೆಸಿಕೊಂಡರೆ ಸಂಕಟ ಆಗುತ್ತದೆ.

ಆ ಕಾಮೆಂಟ್ ಹಾಕಿದವರೇ, ನಿಮ್ಮ ಮೇಲೆ ಕೋಪ ಇಲ್ಲ. ಅದನ್ನೊಂದು ತಿದ್ದಿಬಿಡಿ. ನಾನು ನೋಡ್ತಾ ಇರುತ್ತೇನೆ.