ಕಡಲ ತಳದ ಕೆಸರಿನಲ್ಲಿ ಎಣ್ಣೆ ಬಾವಿಯ ಗುರುತು

(ದೃಶ್ಯ: ಮಂಡ್ಯದ ಹತ್ತಿರ ಒಂದು ಹೊಲ. ಕೇಸಿಂಗ್ ಪೈಪಿನ ಸುತ್ತ ಬೂದಿ ಬಣ್ಣದ ಕೆಸರು.)

ನಮಸ್ಕಾರ. ನಿನ್ನೆ ರಾತ್ರಿ ಈ ಹೊಲದಲ್ಲಿ ಬೋರ್ ಕೊರೆಸಿದ್ದಾರೆ. ಈ ಪುಡಿ ನೋಡಿ. ಬೆರಳಲ್ಲಿ ಉಜ್ಜಿದರೆ ರಾಗಿ ಹಿಟ್ಟಿಗಿಂತ ನುಣ್ಣಗಿದೆ. ಸುತ್ತ ಇರುವುದು ಕೆಂಪು ಮಣ್ಣು, ಇದು ಮಾತ್ರ ಬೂದಿ. ಲಾರಿ ಹೋಗಿ ತಿಂಗಳಾದ ಮೇಲೆ ಬಂದರೂ ಇಲ್ಲಿ ಬೋರ್ ಕೊರೆದಿದ್ದಾರೆ ಅಂತ ಗೊತ್ತಾಗುತ್ತೆ, ಅಲ್ವಾ?

ಕಡಲ ತಳದಲ್ಲೂ ಹೀಗೆ ಗುರುತು ಉಳಿಯುತ್ತದೆ. ಮುಂಬೈ ಆಚೆ ಕಡಲಲ್ಲಿರುವ ಮುಂಬೈ ಹೈ ಅನ್ನುವ ಜಾಗದಲ್ಲಿ ಎಣ್ಣೆ ಸಿಕ್ಕಿದ್ದು 1974ರಲ್ಲಿ. ಅಂಥ ಕಡೆ ಬಾವಿ ಕೊರೆಯುವಾಗ ಪೈಪಿನೊಳಗೆ ಮಂದವಾದ ಕೆಸರು ಬಿಡುತ್ತಾರೆ. ಕೆಲಸದವರ ಬಾಯಲ್ಲಿ ಅದು 'ಮಡ್'. ತೂಕ ಬರಲಿ ಅಂತ ಅದಕ್ಕೆ ಬ್ಯಾರೈಟ್ ಕಲ್ಲಿನ ಪುಡಿ ಬೆರೆಸುತ್ತಾರೆ. ನಮ್ಮ ಪಕ್ಕದ ಆಂಧ್ರದ ಮಂಗಂಪೇಟೆಯಲ್ಲಿ ಇದರ ದೊಡ್ಡ ಗಣಿಯೇ ಇದೆ. ಈ ಕಲ್ಲು ನೀರಿಗಿಂತ ಸುಮಾರು ನಾಲ್ಕೂವರೆ ಪಟ್ಟು ಭಾರ. ಕೆಳಗಿನ ಎಣ್ಣೆ, ಗ್ಯಾಸ್ ಮೇಲಕ್ಕೆ ಚಿಮ್ಮದ ಹಾಗೆ ಅದುಮಿ ಹಿಡಿಯುವುದು ಈ ಭಾರವೇ.

ಕೊರೆದ ಕಲ್ಲಿನ ಚೂರುಗಳ ಜೊತೆ ಇದೂ ತಳ ಸೇರಿದರೆ ಸುಲಭಕ್ಕೆ ಕರಗುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಬ್ಯಾರೈಟ್‌ನಲ್ಲಿರುವ ಬೇರಿಯಂ ಅನ್ನುವ ಲೋಹ ಹುಡುಕುತ್ತಾರೆ. ಬಾವಿ ಹತ್ತಿರ ಜಾಸ್ತಿ, ದೂರ ಹೋದಂತೆ ಕಮ್ಮಿ ಇದ್ದರೆ ಗುಮಾನಿ ಬಾವಿ ಮೇಲೆ.

ಗುಮಾನಿ ಅಷ್ಟೇ. ನದಿ ಹೊತ್ತು ತರುವ ಹೂಳಿನಲ್ಲೂ ಬೇರಿಯಂ ಇರುತ್ತದೆ. ಎಣ್ಣೆ ಕಂಡರೂ ಅದು ಹಡಗಿನದಿರಬಹುದು, ತಳದ ಬಿರುಕಿನಿಂದ ತಾನಾಗೇ ಒಸರಿದ್ದಿರಬಹುದು. ಸುಮ್ನೆ ಒಬ್ಬರ ತಲೆಗೆ ಕಟ್ಟಿದರೆ ನಿಜವಾಗಿ ಕೆಡಿಸಿದವರು ಪಾರಾಗುತ್ತಾರೆ.

(ದೃಶ್ಯ: ಪಾರದರ್ಶಕ ಕೊಳವೆಯಲ್ಲಿ ಪದರ ಪದರ ಕೆಸರು.)

ಇಲ್ಲಿ ನೆರವಿಗೆ ಬರುವುದು ಎಣ್ಣೆಯಲ್ಲಿರುವ ಹೋಪೇನ್ ಅನ್ನುವ ಅಣು. ಕೋಟ್ಯಂತರ ವರ್ಷ ಹಿಂದಿನ ಬ್ಯಾಕ್ಟೀರಿಯಾಗಳು ಬಿಟ್ಟುಹೋದ ಅಂಶದಿಂದ ಆದದ್ದು. ಎಣ್ಣೆಯ ಬೇರೆಲ್ಲಾ ಭಾಗ ಕೊಳೆತರೂ ಇದು ಬೇಗ ಹೋಗಲ್ಲ. ಇದೂ ಇದರಂಥ ಅಣುಗಳೂ ಯಾವ ಅಳತೆಯಲ್ಲಿ ಸೇರಿವೆ ಅನ್ನುವುದೇ ಆ ಎಣ್ಣೆಯ ಬೆರಳಚ್ಚು.

2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಎಣ್ಣೆ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಅನ್ನುವ ತೇಲುವ ಅಟ್ಟಣೆ ಸ್ಫೋಟವಾಗಿ 11 ಜನ ತೀರಿಕೊಂಡರು. 87 ದಿನ ಎಣ್ಣೆ ಹರಿಯಿತು. ಆ ಕೊಲ್ಲಿಯಲ್ಲಿ ತಾನಾಗೇ ಒಸರುವ ಎಣ್ಣೆಯೂ ಇದೆ. ಆದರೆ ಬಾವಿಯ ಸುತ್ತ ಹೋಪೇನ್ ಹೆಚ್ಚಾಗಿ ಸಿಕ್ಕಿದ್ದು ಕೆಸರಿನ ತೀರಾ ಮೇಲಿನ ಪದರದಲ್ಲಿ. ಅಂದರೆ ಈಚೆಗೆ ಬಿದ್ದದ್ದು. ಹೀಗೆ ಸುಮಾರು 3,200 ಚದರ ಕಿಲೋಮೀಟರ್ ತಳದಲ್ಲಿ ಅದರ ಜಾಡು ಹಿಡಿದರು.

ಕೊರೆಯುವ ಮುಂಚೆಯೇ, ಆಮೇಲೆ ಹೋಲಿಸಿ ನೋಡಲು, ಅಲ್ಲಿನ ತಳದ ಕೆಸರನ್ನು ಒಂದಿಷ್ಟು ತೆಗೆದಿಡಲೇಬೇಕು ಅಂತ ನಾನು ಒತ್ತಿ ಹೇಳುತ್ತೇನೆ.

(ದೃಶ್ಯ: ಒಂದು ಅಂಗೈಯಲ್ಲಿ ಕೆಂಪು ಮಣ್ಣು, ಇನ್ನೊಂದರಲ್ಲಿ ಬೂದಿ ಪುಡಿ.)

ಈ ಕೆಂಪು ಮಣ್ಣು ಪಕ್ಕದಲ್ಲಿ ಇರದಿದ್ದರೆ, ಈ ಬೂದಿ ಪುಡಿ ಇಲ್ಲಿಯದಲ್ಲ ಅಂತ ನನಗೆ ಹೇಗೆ ಗೊತ್ತಾಗುತ್ತಿತ್ತು?