ಚೆಂಡಿನೊಳಗೆ ಹೋಗಲೊಲ್ಲದ ಇಲಿ

ನಮಸ್ಕಾರ ಕೇಳುಗರೇ.

ತುಮಕೂರಿನ ಯಾವುದಾದರೂ ಬೇಕರಿ ಮುಂದೆ ಮೂವತ್ತರ ಆಸುಪಾಸಿನ ನಾಲ್ಕು ಜನ ಟೀ ಹಿಡಿದು ನಿಂತಿರುವಾಗ ಒಬ್ಬ "ಪೋಕೆಮಾನ್ ಫಸ್ಟ್ ಎಪಿಸೋಡ್ ನೆನಪೈತೇನೋ" ಅಂದರೆ ಸಾಕು. ಚಿಕ್ಕಂದಿನಲ್ಲಿ ಟೀವಿಯಲ್ಲಿ ನೋಡಿದ ಜಪಾನಿನ ಕಾರ್ಟೂನ್ ಧಾರಾವಾಹಿ ಅದು. ಟೀ ಆರುತ್ತೆ, ಮಾತು ಆರೋದಿಲ್ಲ. ಟೀಮ್ ರಾಕೆಟ್ ಅನ್ನೋ ಕಳ್ಳರ ಗುಂಪು ಪಿಕಾಚು ಅನ್ನೋ ಹಳದಿ ಇಲಿಯನ್ನು ಕದಿಯೋಕೆ ಬಂದಿದ್ದು ಅವತ್ತೇ ಅಂತಾನೆ ಒಬ್ಬ. ನಾಯಕನ ಗೆಳೆಯ ಬ್ರಾಕ್ ಅಡುಗೆ ಮಾಡಿ ಬಡಿಸಿದ್ದ ಅಂತಾನೆ ಇನ್ನೊಬ್ಬ. ಪಿಕಾಚು ಶುರುವಿನಿಂದ ಕೊನೇವರೆಗೂ ಕಥಾನಾಯಕ ಆಶ್‌ನ ಹೆಗಲ ಮೇಲೇ ಇತ್ತು ಅನ್ನೋದರಲ್ಲಿ ಮಾತ್ರ ನಾಲ್ವರೂ ಒಂದೇ.

ಮೂರೂ ತಪ್ಪು. ಟೀಮ್ ರಾಕೆಟ್ ಬರೋದು ಎರಡನೇ ಕಂತಿನಲ್ಲಿ. ಬ್ರಾಕ್ ಸಿಗೋದು ಐದನೇ ಕಂತಿನಲ್ಲಿ. ಇನ್ನು ಪಿಕಾಚು ಮೊದಲ ಕಂತಿನಲ್ಲಿ ಹೊರಡೋದೇ ಹೆಗಲ ಮೇಲಲ್ಲ, ಹಗ್ಗದ ತುದಿಯಲ್ಲಿ. ಮುಂದಿನ ಕಂತುಗಳು ಹಿಂದಿನದಕ್ಕೆ ಸೋರಿಕೊಂಡು ನಮ್ಮ ನೆನಪು ಹೀಗೆ ಕಲಸುಮೇಲೋಗರ ಆಗಿದೆ. ಆ ಮೊದಲ ಕಂತನ್ನು ಗೆಳೆಯರೆಲ್ಲ ಕೂತು ಮತ್ತೆ ನೋಡೋದಾದರೆ ಹೇಗೆ ನೋಡಬೇಕು, ಎಲ್ಲಿ ಕಣ್ಣಿಡಬೇಕು, ಏನು ಕೆಡುತ್ತೆ ಅನ್ನೋದು ಇವತ್ತಿನ ಮಾತು.

ಜಪಾನಿನಲ್ಲಿ ಈ ಕಂತು ಪ್ರಸಾರವಾಗಿದ್ದು 1997ರ ಏಪ್ರಿಲ್ 1ರಂದು. ನಿರ್ದೇಶಕರು ಕುನಿಹಿಕೊ ಯುಯಾಮಾ, ಮುಖ್ಯ ಬರಹಗಾರರು ತಕೇಶಿ ಶುದೋ. ನಮ್ಮಲ್ಲಿಗೆ ಬಂದಿದ್ದು 2003ರಲ್ಲಿ, ಕಾರ್ಟೂನ್ ನೆಟ್‌ವರ್ಕ್‌ನಲ್ಲಿ, ಹಿಂದಿ ಮಾತಿನೊಂದಿಗೆ. ಅಂದರೆ ನಮ್ಮ ಹುಡುಗರಿಗೆ ಅದು ಆರು ವರ್ಷ ಹಳೇ ಸರಕು. ಅರ್ಧಂಬರ್ಧ ಹಿಂದಿ, ಕೇಬಲ್ ಸಿಗ್ನಲ್ಲು, ಕರೆಂಟು ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಆದರೂ ಅರ್ಥವಾಗದೇ ಉಳಿದ ಮಾತು ಅದರಲ್ಲಿ ಹೆಚ್ಚೇನೂ ಇರಲಿಲ್ಲ. ಯಾಕೆಂದರೆ ಆ ಕಂತಿನ ದೊಡ್ಡ ಕೆಲಸವೆಲ್ಲ ಮಾತಿಲ್ಲದೆ ನಡೆಯುತ್ತೆ. ಪಿಕಾಚುವಿನ ದನಿ ಮಾತ್ರ ಜಪಾನಿನ ಕಲಾವಿದೆ ಇಕುಯೆ ಓತಾನಿ ಅವರದ್ದೇ. ಜಪಾನಿ, ಇಂಗ್ಲಿಷ್, ಹಿಂದಿ, ಯಾವುದರಲ್ಲಿ ಕೇಳಿದರೂ "ಪಿಕಾ" ಅನ್ನುವ ಗಂಟಲು ಒಂದೇ.

ಕಥೆ ಗೊತ್ತಿರೋದೇ, ಬೇಗ ಹೇಳಿ ಮುಗಿಸ್ತೀನಿ. ಪೋಕೆಮಾನ್ ಅಂದರೆ ಒಂದೊಂದು ಶಕ್ತಿ ಇರುವ ಪ್ರಾಣಿಗಳು, ಅವನ್ನು ಹಿಡಿದು ಪುಟ್ಟ ಚೆಂಡಿನೊಳಗೆ ಇಟ್ಟುಕೊಳ್ತಾರೆ. ಹತ್ತು ತುಂಬಿದ ಆಶ್ ತನ್ನ ಮೊದಲ ಪೋಕೆಮಾನ್ ತರಲು ಹೋಗಬೇಕಾದ ದಿನ. ನಿದ್ದೆಗಣ್ಣಲ್ಲಿ ಚೆಂಡು ಎಸೆದೆ ಅಂದುಕೊಂಡು ಅಲಾರಂ ಗಡಿಯಾರವನ್ನೇ ಎಸೆದು ಒಡೆದು, ಹೊತ್ತೇರಿದ ಮೇಲೆ ಏಳ್ತಾನೆ. ಮಲಗುವ ಬಟ್ಟೆಯಲ್ಲೇ ಪೋಕೆಮಾನ್ ಕೊಡುವ ಪ್ರೊಫೆಸರ್ ಓಕ್ ಹತ್ತಿರ ಬಿದ್ದಂಬೀಳ ಓಡ್ತಾನೆ. ಬಲ್ಬಸಾರ್, ಚಾರ್‌ಮ್ಯಾಂಡರ್, ಸ್ಕ್ವರ್ಟಲ್, ಹೊಸಬರಿಗೆ ಕೊಡುವ ಮೂರೂ ಪೋಕೆಮಾನ್ ಖಾಲಿ. ಉಳಿದಿದ್ದು ಮುಟ್ಟಿದರೆ ಶಾಕ್ ಹೊಡೆಯುವ, ಚೆಂಡಿನೊಳಗೆ ಇರಲೊಲ್ಲದ ಪಿಕಾಚು ಒಂದೇ.

ಇಲ್ಲಿ ಮೊದಲ ಸಲ ನಿಲ್ಲಿಸಿ ನೋಡಿ. ಬೀಳ್ಕೊಡೋಕೆ ಬಂದ ಆಶ್‌ನ ತಾಯಿ ಬ್ಯಾಗಿನಲ್ಲಿ ಏನೇನು ತುಂಬಿದ್ದೀನಿ ಅಂತ ಒಂದೊಂದಾಗಿ ಹೇಳ್ತಾರೆ. ಒಳಚಡ್ಡಿ, ತಿಂಡಿ, ಬಟ್ಟೆ ಒಗೆಯೋಕೆ ರಬ್ಬರ್ ಗ್ಲೌಸು, ಒಣಗಿಹಾಕೋಕೆ ಹೊಸ ಹಗ್ಗ. ಊರವರ ಮುಂದೆ ಒಳಚಡ್ಡಿ ವಿಷಯ ಬಂದಿದ್ದಕ್ಕೆ ಹುಡುಗನ ಮುಖ ಕೆಂಪಾಗುತ್ತೆ, ನಾವು ನಗ್ತೀವಿ, ಪಟ್ಟಿ ಮರೆತೇ ಹೋಗುತ್ತೆ. ಮರೆಯಲಿ ಅಂತಲೇ ಬರೆದಿದ್ದು. ಸ್ವಲ್ಪ ಹೊತ್ತಿಗೆ ಆ ಗ್ಲೌಸು ಶಾಕ್ ತಡೆಯೋಕೆ ಕೈಗೇರುತ್ತೆ, ಆ ಹಗ್ಗ ಪಿಕಾಚುವಿನ ಸೊಂಟಕ್ಕೆ ಬೀಳುತ್ತೆ. ತಾಯಿ ಕೊಟ್ಟಿದ್ದು ಮನೆಗೆಲಸದ ಸಾಮಾನು, ಮಗ ಅದನ್ನು ಬಳಸಿದ್ದು ಪ್ರಾಣಿಯನ್ನು ಎಳೆಯೋಕೆ. ಇದನ್ನು ಎತ್ತಿ ತೋರಿಸುವ ಒಂದು ಮಾತೂ ಕಂತಿನಲ್ಲಿಲ್ಲ. ಮಕ್ಕಳ ಕಾರ್ಟೂನಿನಲ್ಲಿ ಇಷ್ಟು ಅಚ್ಚುಕಟ್ಟಾದ ಬರವಣಿಗೆ ದಿನಾ ಸಿಗೋದಲ್ಲ.

ಹಾಗಂತ ಪಾತ್ರೆ ತೊಳೆಯುವ ಗ್ಲೌಸ್ ನಂಬಿಕೊಂಡು ಯಾರೂ ಸ್ವಿಚ್ ಬೋರ್ಡಿಗೆ ಕೈ ಹಾಕಬೇಡಿ. ಲೈನ್‌ಮನ್ ಹಾಕುವ ಗ್ಲೌಸನ್ನು ಇಷ್ಟು ವೋಲ್ಟಿಗೆ ತಡೆಯುತ್ತೆ ಅಂತ ಪರೀಕ್ಷೆ ಮಾಡಿರ್ತಾರೆ. ಮನೆಯದ್ದು ತೆಳು, ಸೂಜಿಮೊನೆಯಷ್ಟು ತೂತಿದ್ದರೂ ಕಣ್ಣಿಗೆ ಕಾಣಲ್ಲ, ಒಳಗೆ ಬೆವರು ಬೇರೆ.

ಎರಡನೇ ನಿಲುಗಡೆ ಹಕ್ಕಿಗಳದ್ದು. ಆಶ್ ಒಂದು ಪಿಜಿ ಹಕ್ಕಿಗೆ ಚೆಂಡು ಎಸೀತಾನೆ, ಅದು ಒಳಗೆ ನಿಲ್ಲೋದಿಲ್ಲ. ಮೊದಲು ತನ್ನ ಪೋಕೆಮಾನ್ ಕೈಲಿ ಹೋರಾಡಿಸಿ ಕಾಡಿನದ್ದನ್ನು ಸುಸ್ತು ಮಾಡಬೇಕು, ಆಮೇಲೆ ಚೆಂಡು. ಪಿಕಾಚು ಮರದ ಮೇಲೆ ಕೂತು ಮಜಾ ನೋಡ್ತಿದ್ದರೆ ಸುಸ್ತು ಮಾಡೋರು ಯಾರು? ರೇಗಿದ ಹುಡುಗ ಕಲ್ಲು ಬೀರ್ತಾನೆ. ಅದು ತಗುಲಿದ್ದು ಪಿಜಿಗಲ್ಲ, ಸ್ಪಿಯರೋ ಅನ್ನೋ ಇನ್ನೊಂದು ಹಕ್ಕಿಗೆ. ಜಪಾನಿಯಲ್ಲಿ ಈ ಹಕ್ಕಿಯ ಹೆಸರು ಒನಿಸುಝುಮೆ. ಒನಿ ಅಂದರೆ ರಾಕ್ಷಸ, ಸುಝುಮೆ ಅಂದರೆ ಗುಬ್ಬಚ್ಚಿ. ಕಲ್ಲು ಹೊಡೆದವನು ಆಶ್, ಆದರೆ ಹಕ್ಕಿ ತಿರುಗಿ ಬೀಳೋದು ಪಿಕಾಚು ಮೇಲೆ. ಕಾರಣವನ್ನು ಆಶ್ ಕೈಯಲ್ಲಿರುವ, ಪೋಕೆಮಾನ್‌ಗಳ ಮಾಹಿತಿ ಹೇಳುವ ಯಂತ್ರ ಪೋಕೆಡೆಕ್ಸೇ ಹೇಳುತ್ತೆ: ಕಾಡಿನ ಪೋಕೆಮಾನ್‌ಗಳಿಗೆ ಮನುಷ್ಯರು ಪಳಗಿಸಿದವುಗಳನ್ನು ಕಂಡರೆ ಹೊಟ್ಟೆಕಿಚ್ಚು. ಆಮೇಲೆ ಅದು ತನ್ನ ಬಳಗವನ್ನೆಲ್ಲ ಕೂಗುತ್ತೆ. ರಾಗಿ ಹೊಲದ ಬದುವಿನಲ್ಲಿ ಕಾಜಾಣ ತನಗಿಂತ ದೊಡ್ಡ ಹದ್ದನ್ನು ಕುಕ್ಕಿ ಓಡಿಸೋದನ್ನು ಕಂಡವರಿಗೆ ಹಕ್ಕಿಯ ಈ ಹಟ ಹೊಸದಲ್ಲ. ಕಾಜಾಣ ಗೂಡು ಕಾಯೋಕೆ ಹಾಗೆ ಮಾಡುತ್ತೆ. ಈ ಗುಬ್ಬಿಗೆ ಗೂಡಿನ ನೆಪವೂ ಬೇಕಿಲ್ಲ.

ಮುಂದೆ ಓಟ. ನದಿಗೆ ಹಾರೋದು, ಮೀನು ಹಿಡೀತಿದ್ದ ಮಿಸ್ಟಿ ಅನ್ನೋ ಹುಡುಗಿಯ ಗಾಳಕ್ಕೆ ಸಿಕ್ಕಿ ಮೇಲೆ ಬರೋದು, ಅವಳ ಸೈಕಲ್ ಎತ್ತಿಕೊಂಡು ಪರಾರಿ ಆಗೋದು, ಮಳೆ, ಬೀಳೋದು. ಕಡೆಗೆ ಪಿಕಾಚುವಿನ ಮಿಂಚಿಗೆ ಸೈಕಲ್ ಸುಟ್ಟಿದ್ದು ಮಿಸ್ಟಿಗೆ ಇದೇ ಕಂತಿನಲ್ಲಿ ಗೊತ್ತಾಗುತ್ತೆ ಅಂತ ಬಹಳ ಜನ ಪಣ ಕಟ್ತಾರೆ. ಕಟ್ಟಬೇಡಿ, ಸೋಲ್ತೀರ. ಅವಳು ಸುಟ್ಟ ಸೈಕಲ್ ಸಮೇತ ಹುಡುಕಿಕೊಂಡು ಬರೋದು ಎರಡನೇ ಕಂತಿನಲ್ಲಿ.

ಮೂರನೇ ನಿಲುಗಡೆಗೆ ಸಮಯ ಇಟ್ಟುಕೊಳ್ಳಿ. ಕೆಸರಿನಲ್ಲಿ ಬಿದ್ದ ಪಿಕಾಚು ಮುಂದೆ ಆಶ್ ಚೆಂಡು ಇಡ್ತಾನೆ. ನಿನಗೆ ಇದರೊಳಗೆ ಇರೋದು ಇಷ್ಟ ಇಲ್ಲ, ಗೊತ್ತು, ಇವತ್ತೊಂದು ಸಲ ಒಳಗೆ ಹೋಗು, ಬದುಕಿಕೋ ಅಂತಾನೆ. ಎದ್ದು ನಿಂತು ಎರಡೂ ಕೈ ಚಾಚಿ ಹಕ್ಕಿಗಳಿಗೆ ಅಡ್ಡ ನಿಲ್ತಾನೆ. ಪಿಕಾಚು ಒಳಗೆ ಹೋಗೋದಿಲ್ಲ. ಅವನ ಬೆನ್ನಿನಿಂದ ಹೆಗಲಿಗೆ, ಹೆಗಲಿನಿಂದ ಗಾಳಿಗೆ ಜಿಗಿದು ಹಕ್ಕಿಗಳ ಮೇಲೆ ಮಿಂಚು ಹರಿಸುತ್ತೆ. ಅದು ಹೆಗಲ ಮೇಲೆ ಕಾಲಿಡೋದು ಅಲ್ಲಿ, ಅರೆಗಳಿಗೆ ಮಾತ್ರ. ನಾವು ಇಪ್ಪತ್ತು ವರ್ಷ ಹೊತ್ತುಕೊಂಡು ಬಂದಿರುವ ಚಿತ್ರ ಅಷ್ಟೇ ಹೊತ್ತಿನದ್ದು.

ಆಟದ ನಿಯಮ ಏನು? ಪೋಕೆಮಾನ್ ಚೆಂಡಿನೊಳಗೆ ಇರಬೇಕು. ಗೇಮ್‌ಬಾಯ್ ಅನ್ನೋ ಕೈಲಿ ಹಿಡಿದು ಆಡುವ ಯಂತ್ರಕ್ಕೆ 1996ರಲ್ಲಿ ಬಂದ ಪೋಕೆಮಾನ್ ಆಟ ನಿಂತಿದ್ದೇ ಅದರ ಮೇಲೆ. ಆ ಆಟಕ್ಕೆ ಜಾಹೀರಾತಿನಂತೆ ಹುಟ್ಟಿದ ಧಾರಾವಾಹಿಯ ಮೊದಲ ಕಂತೇ ಆ ನಿಯಮ ಮುರಿಯುತ್ತೆ. ಕಡೆಗೆ ಆಟವೇ ಬಗ್ಗಬೇಕಾಯಿತು. 1998ರಲ್ಲಿ ಜಪಾನಿನಲ್ಲಿ ಬಂದ ಹಳದಿ ಆವೃತ್ತಿಯಲ್ಲಿ ಪಿಕಾಚು ಚೆಂಡು ಬಿಟ್ಟು ಆಟಗಾರನ ಹಿಂದೆ ಹಿಂದೆ ನಡೆದುಕೊಂಡು ಬರುತ್ತೆ.

ಈಗ ಆ ಮಿಂಚನ್ನು ಹತ್ತಿರದಿಂದ ನೋಡೋಣ. ಆಗ ಈ ಧಾರಾವಾಹಿಗೆ ಕಂಪ್ಯೂಟರ್ ಬಣ್ಣ ಇನ್ನೂ ಬಂದಿರಲಿಲ್ಲ, ಪಾರದರ್ಶಕ ಹಾಳೆಯ ಮೇಲೆ ಕೈಯಿಂದ ಬಣ್ಣ ಹಚ್ಚುವ ಸೆಲ್ ಕಾಲ. ಬಣ್ಣ ಎಷ್ಟೇ ಬೆಳ್ಳಗಿದ್ದರೂ ಅದು ಹೊಳೆಯೋದಿಲ್ಲ. ಅದಕ್ಕೆ ಸೆಲ್ ಕಾಲದವರು ಇಟ್ಟುಕೊಂಡಿದ್ದ ಉಪಾಯ ಎರಡು ಸಲ ಚಿತ್ರ ತೆಗೆಯೋದು. ಮೊದಲು ಮಾಮೂಲಿ ಚಿತ್ರ. ಆಮೇಲೆ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮಿಂಚಿನ ಆಕಾರ ಬಿಟ್ಟು ಉಳಿದದ್ದೆಲ್ಲ ಕಪ್ಪಾಗಿರುವ ಹಾಳೆ ಇಟ್ಟು, ಕೆಳಗಿನಿಂದ ಬೆಳಕು ಹಾಯಿಸಿ ಅದೇ ಫ್ರೇಮಿನ ಮೇಲೆ ಇನ್ನೊಂದು ಸಲ. ಆ ಬೆಳಕು ಅಂಚಿನಲ್ಲಿ ಕೊಂಚ ಹರಡಿಕೊಳ್ಳೋದರಿಂದ ಮಿಂಚು ಮಿಂಚಾಗಿ ಕಾಣುತ್ತೆ. ಹಾಳೆ ಕೂದಲೆಳೆಯಷ್ಟು ಜರುಗಿದರೂ ಮಿಂಚು ಒಂದು ಕಡೆ, ಅದರ ಹೊಳಪು ಇನ್ನೊಂದು ಕಡೆ. ಸೆಲ್ ಮೇಲೆ ಸೆಲ್ ಹೇರೋಕೂ ಮಿತಿ ಇದೆ. ಪ್ರತಿ ಹಾಳೆಯೂ ಕೆಳಗಿನ ಬಣ್ಣವನ್ನು ಒಂದಿಷ್ಟು ಮಂಕು ಮಾಡುತ್ತೆ, ನಾಲ್ಕೈದು ದಾಟಿದರೆ ತಳದ ಚಿತ್ರ ಕೊಳೆ ಹಿಡಿದಂತೆ ಕಾಣುತ್ತೆ.

ಇನ್ನೊಂದು ಲೆಕ್ಕ. ಫಿಲ್ಮು ಸೆಕೆಂಡಿಗೆ 24 ಫ್ರೇಮ್ ಓಡುತ್ತೆ. ಟೀವಿ ಅನಿಮೆಯಲ್ಲಿ, ಅಂದರೆ ಜಪಾನಿನ ಕಾರ್ಟೂನಿನಲ್ಲಿ, ಸಾಮಾನ್ಯವಾಗಿ ಒಂದು ಚಿತ್ರವನ್ನು ಮೂರು ಫ್ರೇಮಿಗೆ ಹಿಡೀತಾರೆ, ಅಂದರೆ ಸೆಕೆಂಡಿಗೆ 8 ಚಿತ್ರ. ಮಾತಾಡುವಾಗ ಬಾಯಿ ಮಾತ್ರ ಬದಲಾಗುತ್ತೆ, ಮುಖ ಅದೇ. ಹಾಗೆ ಉಳಿಸಿದ ದುಡ್ಡು, ಕೆಲಸ ಎರಡನ್ನೂ ತಂದು ಇಂಥ ಮಿಂಚಿನ ಜಾಗದಲ್ಲಿ ಸುರೀತಾರೆ. ಪರೀಕ್ಷಿಸಬೇಕಾದರೆ ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾಕಿ, ಇಂಗ್ಲಿಷಿನ ಇ ಅಕ್ಷರದ ಕೀ ಒತ್ತುತ್ತಾ ಹೋಗಿ, ಒತ್ತಿದಂತೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತೆ. ಜಪಾನಿನ ಟೀವಿ ಪದ್ಧತಿ ಸೆಕೆಂಡಿಗೆ ಸುಮಾರು 30 ಫ್ರೇಮಿನದ್ದಾದ್ದರಿಂದ ನಡುವೆ ಒಂದೇ ಫ್ರೇಮ್ ಮತ್ತೆ ಬಂದಂತೆ, ಕೆಲವು ಕಡೆ ಎರಡು ಚಿತ್ರ ಬಾಚಣಿಗೆ ಹಲ್ಲಿನಂತೆ ಬೆರೆತಂತೆ ಕಂಡೀತು. ಅದು ಚಿತ್ರಕಾರರ ತಪ್ಪಲ್ಲ. ಫ್ರೇಮ್ ಎಣಿಸಬೇಡಿ, ಬದಲಾದ ಚಿತ್ರ ಎಣಿಸಿ.

ಮಿಂಚು ಮಂಕಾಗಿದೆಯಲ್ಲ, ಚಿಕ್ಕಂದಿನಲ್ಲಿ ಹೀಗಿರಲಿಲ್ಲ ಅಂತ ಯಾರಾದರೂ ಗೊಣಗಿದರೆ ಅದಕ್ಕೂ ಹಿನ್ನೆಲೆ ಇದೆ. 1997ರ ಡಿಸೆಂಬರ್ 16ರಂದು ಇದೇ ಧಾರಾವಾಹಿಯ ಬೇರೊಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಮಿನುಗಿ, ಜಪಾನಿನಲ್ಲಿ ಆರುನೂರಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದರು. ಧಾರಾವಾಹಿ ನಾಲ್ಕು ತಿಂಗಳು ನಿಂತಿತು. ಆಮೇಲೆ ಮಿನುಗುವ ದೃಶ್ಯಗಳನ್ನು ತಗ್ಗಿಸುವ ಪದ್ಧತಿ ಬಂತು. ಆದ್ದರಿಂದ ನೋಡುವಾಗ ಕೋಣೆಯ ದೀಪ ಪೂರ್ತಿ ಆರಿಸಬೇಡಿ, ಪರದೆಯಿಂದ ಆರೇಳು ಅಡಿ ದೂರ ಕೂರಿ. ಮನೆಯಲ್ಲಿ ಫಿಟ್ಸ್ ಇರುವವರು ಯಾರಾದರೂ ಇದ್ದರೆ ಮಿಂಚಿನ ಭಾಗ ಅವರಿಗೆ ಬೇಡ.

ಕೂಟದ ವಿಷಯಕ್ಕೆ ಬರೋಣ. ಆರರಿಂದ ಎಂಟು ಜನ ಸಾಕು. ಟೀವಿ ಹಾಕುವ ಮೊದಲು ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ನೆನಪಿರೋದನ್ನು ಹತ್ತು ಸಾಲು ಬರೆಯೋಕೆ ಹೇಳಿ. ಬಾಯಿ ಬಿಡುವಂತಿಲ್ಲ. ಜೋರು ದನಿಯವನೊಬ್ಬ "ಬ್ರಾಕ್ ಇದ್ದ ಕಣ್ರೋ" ಅಂದುಬಿಟ್ಟರೆ ಉಳಿದವರ ತಲೆಯಲ್ಲೂ ಬ್ರಾಕ್ ಬಂದು ಕೂರ್ತಾನೆ, ಹಾಳೆ ಹಾಳಾದಂತೆ. ಬರೆದಾದ ಮೇಲೆ ಸುಮಾರು 22 ನಿಮಿಷ ತಡೆಯಿಲ್ಲದೆ ನೋಡಿ. ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ, ಹಾಳೆಗೆ ಟಿಕ್ ಹಾಕುತ್ತಾ. ಒಟ್ಟು ಎರಡು ಗಂಟೆ ಇಟ್ಟುಕೊಳ್ಳಿ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತರಿಸೋದಾದರೆ ಇನ್ನರ್ಧ ಗಂಟೆ. ಎಲ್ಲರೂ ಒಂದೇ ಭಾಷೆಯ ಪ್ರತಿ ನೋಡಬೇಕು. ಇಂಗ್ಲಿಷಿಗೆ ತರುವಾಗಲೇ ಹೆಸರುಗಳು ಬದಲಾದವು, ಮಾತೂ ಅಲ್ಲಲ್ಲಿ ಬದಲಾಯಿತು, ಹಿಂದಿಗೆ ಬಂದಿದ್ದು ಆ ಇಂಗ್ಲಿಷಿನಿಂದ. ಜಪಾನಿಯಲ್ಲಿ ಆಶ್ ಸತೋಶಿ ಆಗಿರ್ತಾನೆ. ಆಟ ಕಟ್ಟಿದ ಸತೋಶಿ ತಾಜಿರಿ ಅವರ ಹೆಸರೇ ಅದು. ಹಿಂದಿಯಲ್ಲಿ ಕೇಳಿದ ಮಾತಿಗೆ ಜಪಾನಿಯಲ್ಲಿ ಸಾಕ್ಷಿ ಹುಡುಕಿದರೆ ಜಗಳವೇ ಗತಿ.

ಟೀವಿಯದ್ದೇ ದೊಡ್ಡ ಎಡವಟ್ಟು. ಈ ಕಂತಿನ ಚಿತ್ರದ ಅಳತೆ 4:3, ಈಗಿನ ಟೀವಿ 16:9. ಪರದೆ ತುಂಬಲಿ ಅಂತ ಎಳೆದರೆ ಅಗಲ ಮೂರನೇ ಒಂದು ಪಾಲು ಹಿಗ್ಗುತ್ತೆ. ಶುರುವಿನ ಪಿಕಾಚು ಮೊದಲೇ ಗುಂಡುಗುಂಡಗೆ, ಎಳೆದರೆ ಕುಂಬಳಕಾಯಿ. ಜೂಮ್ ಹಾಕಿದರೆ ಮೇಲೆ ಕೆಳಗೆ ಸೇರಿ ಎತ್ತರದ ಕಾಲು ಭಾಗ ಕತ್ತರಿಸಿ ಹೋಗುತ್ತೆ. ಸೆಟ್ಟಿಂಗ್‌ನಲ್ಲಿ 4:3 ಆರಿಸಿ, ಎರಡೂ ಪಕ್ಕ ಕಪ್ಪು ಪಟ್ಟಿ ಇರಲಿ ಬಿಡಿ. ಅನುಮಾನವಿದ್ದರೆ ಚೆಂಡು ಎದುರಿಗೆ ಕಾಣುವ ಕಡೆ ನಿಲ್ಲಿಸಿ, ದಾರ ಹಿಡಿದು ಅಡ್ಡ ಉದ್ದ ಎರಡೂ ಅಳೆಯಿರಿ. ಸಮ ಇದ್ದರೆ ಸರಿ. ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಇದ್ದರೆ ಅದನ್ನೂ ಆರಿಸಿ. ಎಂಟು ಚಿತ್ರದ ನಡುವೆ ಟೀವಿ ತಾನೇ ಚಿತ್ರ ಹುಟ್ಟಿಸಿ ತುರುಕಿದರೆ ಮಳೆಯ ಗೆರೆಗಳೆಲ್ಲ ಕಲಸಿಹೋಗುತ್ತವೆ.

ಕೊನೇ ನಿಲುಗಡೆ ಕಾಮನಬಿಲ್ಲಿನದ್ದು. ಮಳೆ ನಿಂತ ಮೇಲೆ ಹೊಂಬಣ್ಣದ ದೊಡ್ಡ ಹಕ್ಕಿಯೊಂದು ಹಾರಿ ಹೋಗುತ್ತೆ. ಪೋಕೆಡೆಕ್ಸ್‌ನಲ್ಲಿ ಅದರ ಮಾಹಿತಿ ಇಲ್ಲ. ಇರೋಕೆ ಸಾಧ್ಯವೂ ಇರಲಿಲ್ಲ. ಅದು ಹೋ-ಓ. ಆ ಹಕ್ಕಿ ಸಿಗುವ ಆಟ ಜಪಾನಿನ ಅಂಗಡಿಗೆ ಬಂದಿದ್ದು 1999ರ ನವೆಂಬರಿನಲ್ಲಿ, ಎರಡೂವರೆ ವರ್ಷದ ನಂತರ. 2003ರಲ್ಲಿ ಚಿಪ್ಸ್ ಪ್ಯಾಕೆಟ್ಟಿನಲ್ಲಿ ಸಿಗುತ್ತಿದ್ದ ಟಾಜೋ ಬಿಲ್ಲೆ ಎಣಿಸುತ್ತಾ ನೋಡಿದ ನಮ್ಮೂರ ಹುಡುಗರಿಗೆ ಅದರ ಹೆಸರು ಗೊತ್ತಾಗುವ ದಾರಿಗಳಿದ್ದವು. ಮೊದಲ ದಿನ ನೋಡಿದ ಜಪಾನಿನ ಮಕ್ಕಳಿಗೆ ಒಂದೂ ಇರಲಿಲ್ಲ.

ಹಾಳೆಗಳನ್ನು ಹೋಲಿಸುವಾಗ ಒಂದು ಪ್ರಶ್ನೆ ಎಲ್ಲರಿಗೂ ಕೇಳಿ: ಈ ಕಂತಿನಲ್ಲಿ ಆಶ್ ಎಷ್ಟು ಪೋಕೆಮಾನ್ ಹಿಡಿದ? ಉತ್ತರ ಸೊನ್ನೆ. ಇನ್ನೊಂದು ವಿಷಯ, ಎರಡನೇ ಕಂತನ್ನೂ ಸಿದ್ಧ ಮಾಡಿ ಇಟ್ಟುಕೊಳ್ಳಿ. ಮೊದಲನೆಯದು ಮುಗಿದಾಗ ಪಿಕಾಚು ಇನ್ನೂ ಆಸ್ಪತ್ರೆ ಸೇರಿರೋದಿಲ್ಲ, ಪಕ್ಕದಲ್ಲಿ ಮಕ್ಕಳು ಕೂತಿದ್ದರೆ ಅಲ್ಲಿಗೆ ಟೀವಿ ಆರಿಸೋಕೆ ಬಿಡೋದಿಲ್ಲ.

ನಮಸ್ಕಾರ.